ಹಿಂದಿನಿಂದ ಬರುವವರು ಕೂಗಿ ಹೇಳಬೇಕು

೧

ಎಲ್ಲಿಂದ ಶುರು ಮಾಡಲಿ ಎಂದು ಓದುಗರನ್ನೇ ಕೇಳುವ ಕಥೆಗಾರರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಗೊತ್ತಿಲ್ಲದಿದ್ದರೆ ಬರೆಯಬೇಡಿ, ಬರೆಯಿರಿ ಎಂದು ಯಾರೂ ನಿಮ್ಮ ಕಾಲಿಗೆ ಬಿದ್ದಿಲ್ಲ, ಅನ್ನುತ್ತಿದ್ದೆ. ಈಗ ನೋಡಿ, ನಾಲ್ಕು ದಿನದಿಂದ ನಾನೇ ಅಡುಗೆಮನೆಯ ಮೇಜಿನ ಮುಂದೆ ಕೂತು ಎಲ್ಲಿಂದ ಶುರು ಮಾಡಲಿ ಎಂದು ಹಲ್ಲು ಕಡಿಯುತ್ತಿದ್ದೇನೆ. (ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಕೆಲಸ ನನ್ನದು. ಹಲ್ಲು ಕಡಿಯಬೇಡಿ, ಸವೆಯುತ್ತವೆ, ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವವಳೂ ನಾನೇ.)

ವಿಷಯ ಇಷ್ಟೆ. ಸೋಮವಾರ ಸಂಜೆ ನನ್ನ ಮಗಳು ಒಂದು ಪ್ರಶ್ನೆ ಕೇಳಿದಳು. ಅವಳಿಗೆ ಹತ್ತೊಂಬತ್ತು ವರ್ಷ. ಕಾಲೇಜಿನ ತಂಡದಲ್ಲಿ ಹತ್ತು ಕಿಲೋಮೀಟರ್ ಓಡುತ್ತಾಳೆ. ಕಾಲೇಜಿನ ಟ್ರ್ಯಾಕನ್ನು ರಿಪೇರಿಗೆಂದು ಅಗೆದು ಹಾಕಿದ್ದಾರೆ. ಸ್ಪರ್ಧೆಗೆ ಒಂಬತ್ತು ವಾರ ಬಾಕಿ ಇದೆ.

“ಅಮ್ಮ, ಬೆಳಿಗ್ಗೆ ಐದೂವರೆಗೆ ಕಾಲುವೆ ದಂಡೆ ಮೇಲೆ ಓಡ್ತೀನಿ. ಒಬ್ಬಳೇ. ಹೋಗ್ಲಾ?”

“ಒಂದು ಕಥೆ ಬರೀತಾ ಇದ್ದೀನಿ. ಮುಗಿಸಿ ಹೇಳ್ತೀನಿ,” ಅಂದೆ.

ಬರೆಯುತ್ತಿರಲಿಲ್ಲ. ಹಾಗೆಂದ ಮೇಲೆ ಬರೆಯಲು ಕೂತೆ. ಕಥೆ ಮುಗಿಯುವವರೆಗೆ ಉತ್ತರ ಕೊಡಬೇಕಾಗಿಲ್ಲವಲ್ಲ. ಆದ್ದರಿಂದ ಓದುಗರೇ, ಇದು ಎಲ್ಲಾದರೂ ಎಳೆದಾಡಿದಂತೆ ಕಂಡರೆ ಶೈಲಿ ಎಂದುಕೊಳ್ಳಬೇಡಿ. ಅದು ಹೇಡಿತನ.

೨

ಮಗಳ ಬದಲು ಇನ್ನೊಬ್ಬಳನ್ನು ಕಾಲುವೆ ದಂಡೆಗೆ ಕಳಿಸಿದೆ. ಬರೆಯುವವರಿಗೆ ಈ ಒಂದು ಅನುಕೂಲ ಇದೆ. ಅವಳಿಗೆ ಇಪ್ಪತ್ತಾರು, ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಅಳತೆಗೆ ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಕನ್ನಡಕದವಳು ಎನ್ನೋಣ.

ಮೊದಲ ಕರಡು ಶುರುವಾದದ್ದು ಒಂದು ಶೂವಿನಿಂದ. ಕಾಲುವೆಯ ಅಂಚಿನಲ್ಲಿ ಬಿದ್ದಿದ್ದ ಒಂಟಿ ಶೂ, ಲೇಸು ಬಿಚ್ಚಿಕೊಂಡಿತ್ತು. ಅಷ್ಟೇ ಬರೆದಿದ್ದು. ನಿಮಗೆ ಅರ್ಥವಾಯಿತು ತಾನೇ? ಎಷ್ಟು ಬೇಗ ಅರ್ಥವಾಯಿತು ನೋಡಿ. ನನಗೂ ಅಷ್ಟೇ ಬೇಗ ಹೊಳೆದಿತ್ತು. ಆ ಹಾಳೆಯನ್ನು ಹರಿದು ಹಾಕಿ ಕೈ ತೊಳೆದುಕೊಂಡೆ.

೨ (ಮತ್ತೊಮ್ಮೆ)

ಕನ್ನಡಕದವಳು ಓಡಲು ಹೊರಟಾಗ ಮನೆಯವರೆಲ್ಲ ಒಂದೊಂದು ಕೊಟ್ಟರು. ಅವಳಮ್ಮ ಪಿನ್ ಎಳೆದರೆ ಕಿರುಚುವ ಅಲಾರಮ್ ತಂದರು. ಅಂಗಡಿ ಯಜಮಾನರು ಸೀಟಿ ಕೊಟ್ಟರು. ತಮ್ಮ ಪೆಪ್ಪರ್ ಸ್ಪ್ರೇ ತಂದ. ಅವಳು ಎಲ್ಲಿದ್ದಾಳೆಂದು ತೋರಿಸುವ ಆ್ಯಪನ್ನೂ ಅವನೇ ಫೋನಿಗೆ ಹಾಕಿದ. ಎಲ್ಲವನ್ನೂ ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು ಹೊರಟರೆ ಪಾತ್ರೆ ಅಂಗಡಿಯೇ ಎದ್ದು ಓಡಿದಂತೆ ಸದ್ದು. ಕಿಲೋಮೀಟರಿಗೆ ಇಪ್ಪತ್ತು ಸೆಕೆಂಡು ಹೆಚ್ಚಾಯಿತು.

ತಮ್ಮ ಕಟ್ಟುನಿಟ್ಟಿನವನು. ಮನೆಯ ಓಣಿಯಲ್ಲೇ ಅಭ್ಯಾಸ ಮಾಡಿಸಿದ. ಅವನು ಹಿಂದಿನಿಂದ ಬರಬೇಕು, ಅವಳು ತಿರುಗಿ ಸ್ಪ್ರೇ ಎತ್ತಬೇಕು, ಅವಳಮ್ಮ ಗಡಿಯಾರ ನೋಡಬೇಕು. ಬೆಲ್ಟಿನಿಂದ ತೆಗೆಯಲು ನಾಲ್ಕು ಸೆಕೆಂಡು ಹಿಡಿಯಿತು.

“ನಾಲ್ಕು ಸೆಕೆಂಡ್ ಅಂದ್ರೆ ಕಥೆ ಮುಗೀತು ಅಕ್ಕ. ಕೈಯಲ್ಲೇ ಹಿಡ್ಕೊಂಡು ಓಡು.”

ಆ ದಂಡೆಯ ಮೇಲೆ ಓಡುವವರಲ್ಲಿ ಒಂದು ಪದ್ಧತಿಯಿತ್ತು. ದಾರಿ ಕಿರಿದು. ಯಾರನ್ನಾದರೂ ಹಿಂದೆ ಹಾಕುವಾಗ “ಬಲಕ್ಕೆ ಬಂದೆ” ಎಂದು ಕೂಗಬೇಕು. ಮುಂದಿನವರು ಎಡಕ್ಕೆ ಸರಿಯುತ್ತಾರೆ. ತಮ್ಮ ಅದನ್ನೂ ವಿಚಾರಿಸಿಕೊಂಡು ಬಂದಿದ್ದ.

“ಕೂಗಿ ಬರೋನಿಂದ ಏನೂ ತೊಂದರೆ ಇಲ್ಲ. ಕೂಗದೆ ಬರ್ತಾನಲ್ಲ, ಅವನನ್ನ ನೋಡ್ಕೋ.”

೩

ಈಗ ಇನ್ನೊಬ್ಬರು ಬರುತ್ತಾರೆ. (ಹೆದರಬೇಡಿ. ನಾನೂ ಹೆದರುತ್ತಲೇ ಕರೆತಂದೆ.) ಊರಿನ ಮೊದಲ ಬಸ್ಸಿನ ಡ್ರೈವರ್. ಏಳು ಗಂಟೆಗೆ ಬಸ್ಸು ಹೊರಡಿಸಬೇಕು, ಅದಕ್ಕೆ ಮೊದಲು ಓಟ. ಇಪ್ಪತ್ತೆರಡು ವರ್ಷದಿಂದ ಅದೇ ದಂಡೆ, ಅದೇ ಕೂಗು. ಹಾರ್ನಿಗೆ ಪೈಪೋಟಿ ಕೊಡುವ ಗಂಟಲು.

ಒಂದು ಸಂಜೆ ಅವರ ಮಗಳು ಹೇಳಿದಳು: “ಅಪ್ಪ, ಮಬ್ಬುಗತ್ತಲಲ್ಲಿ ನಿಮ್ಮ ಗಂಟಲು ಹಿಂದಿನಿಂದ ಕೇಳಿದ್ರೆ ಹೆಣ್ಣುಮಕ್ಕಳು ಬೆಚ್ಚಿ ಬೀಳ್ತಾರೆ. ಸುಮ್ಮನೆ ದೂರದಿಂದ ದಾಟಿ ಹೋಗಿ.”

ಡ್ರೈವರಿಗೆ ಅದು ಸರಿ ಎನಿಸಿತು. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ ಎಂದು ಬೇಜಾರೂ ಆಯಿತು. ಮರುದಿನ ಕನ್ನಡಕದವಳ ಹಿಂದೆ ಬಂದಾಗ ಬಾಯಿ ಮುಚ್ಚಿಕೊಂಡು, ಹೆಜ್ಜೆ ಸದ್ದೂ ಆಗದಂತೆ, ಹುಲ್ಲಿನ ಮೇಲಿಂದ ದಾಟಲು ಹೋದರು.

ಅವಳು ತಿರುಗಿದಳು. ಒಂದು ಸೆಕೆಂಡೂ ಹಿಡಿಯಲಿಲ್ಲ.

ಗಾಳಿ ಡ್ರೈವರ ಹಿಂದಿನಿಂದ ಬೀಸುತ್ತಿತ್ತು. ಸ್ಪ್ರೇ ಅರ್ಧ ಅವರ ಮುಖಕ್ಕೆ ಹೋಯಿತು, ಅರ್ಧ ಅವಳಿಗೇ ವಾಪಸ್ಸು ಬಂತು. ಇಬ್ಬರೂ ದಂಡೆಯ ಮೇಲೆ ಕುಕ್ಕರಿಸಿದರು.

“ಉಜ್ಜಬೇಡಿ,” ಅವಳು ಕೆಮ್ಮುತ್ತ ಹೇಳಿದಳು. “ಕಣ್ಣು ಉಜ್ಜಿದ್ರೆ ಜಾಸ್ತಿ ಆಗುತ್ತೆ. ಮಿಟುಕಿಸ್ತಾ ಇರಿ. ನೀರು ಹಾಕ್ತೀನಿ, ತಲೆ ಬಗ್ಗಿಸಿ.”

“ನಾನೇನು ಮಾಡಿದೆನಮ್ಮಾ ನಿನಗೆ?”

“ನೀವು ಕೂಗಲಿಲ್ಲ.”

“ಕೂಗಬೇಡ ಅಂತ ಮಗಳು ಹೇಳಿದ್ದಳು.”

ಬಾಟಲಿಯ ನೀರನ್ನೆಲ್ಲ ಇಬ್ಬರ ಕಣ್ಣಿಗೂ ಹಾಕಿದಳು. ಆಮೇಲೆ ಅವರು ಕೇಳಿದರು, ಗಂಟೆ ಎಷ್ಟಾಯಿತು ನೋಡ್ತೀಯಾ, ನನಗೇನೂ ಕಾಣ್ತಿಲ್ಲ. ಅವಳಿಗೂ ಕಾಣುತ್ತಿರಲಿಲ್ಲ. ಅವತ್ತು ಮೊದಲ ಬಸ್ಸು ಹೊರಡಲಿಲ್ಲ.

ಇಬ್ಬರ ಕಣ್ಣೂ ಎರಡು ದಿನದಲ್ಲಿ ಸರಿಹೋಯಿತು. ಆದರೆ ಅವಳು ಮತ್ತೆ ದಂಡೆಗೆ ಹೋಗಲಿಲ್ಲ, ಅವರೂ ಹೋಗಲಿಲ್ಲ. ತಪ್ಪು ಮಾಡಿದವರು ಯಾರು ಎಂದು ಹುಡುಕಲು ಹೊರಟರೆ ಸಿಗುವವರೆಲ್ಲ ಪ್ರೀತಿಯಿಂದ ಬುದ್ಧಿ ಹೇಳಿದವರೇ.

ಇಲ್ಲಿಗೆ ಬಂದು ನಾನು ಸಿಕ್ಕಿಹಾಕಿಕೊಂಡೆ.

ಮುಗಿತಾಯಗಳು

ಒಂದನೆಯದು. ಅವಳು ಒಂದು ಬೆಳಿಗ್ಗೆ ಬಂದು ಸ್ಪ್ರೇ, ಸೀಟಿ, ಅಲಾರಮ್ ಎಲ್ಲವನ್ನೂ ಕಾಲುವೆಗೆ ಎಸೆದು, ಹಗುರಾಗಿ, ಸೂರ್ಯ ಹುಟ್ಟುವ ಕಡೆ ಓಡುತ್ತಾಳೆ.

“ಎಸೆಯಲ್ಲ,” ಅಂದಳು ಕನ್ನಡಕದವಳು.

“ಯಾಕೆ? ಚೆನ್ನಾಗಿದೆಯಲ್ಲ.”

“ಓದೋರಿಗೆ ಚೆನ್ನಾಗಿರುತ್ತೆ. ಅವರು ಪುಸ್ತಕ ಮುಚ್ಚಿಟ್ಟು ಮಲಗ್ತಾರೆ. ಮಾರನೇ ದಿನ ಬರಿಗೈಯಲ್ಲಿ ಅಲ್ಲಿ ಓಡೋಳು ನಾನು.”

ಹೊಡೆದು ಹಾಕಿದೆ.

ಎರಡನೆಯದು. ಡ್ರೈವರ್ ಅಂಗಡಿಗೆ ಬಂದು ಅವಳನ್ನು ಕ್ಷಮಿಸುತ್ತಾರೆ. ದಿನಾ ಇಬ್ಬರೂ ಜೊತೆಯಲ್ಲಿ ಓಡುತ್ತಾರೆ, ಅಪ್ಪ ಮಗಳ ಹಾಗೆ.

“ಅವರು ಒಳ್ಳೆಯವರೇ,” ಅಂದಳು. “ಆದ್ರೆ ಅವರಿಗೆ ಜ್ವರ ಬಂದ ದಿನ ನಾನೂ ಮನೇಲಿರಬೇಕಾ?”

ಅದನ್ನೂ ಹೊಡೆದೆ. ಮೂರನೆಯದನ್ನು ಅವಳಿಗೆ ತೋರಿಸದೆ ಕೈಯಡಿ ಇಟ್ಟುಕೊಂಡೆ.

“ಅದೇನು?”

“ಏನಿಲ್ಲ. ಹಳೇ ಕರಡು.”

“ಶೂ ಇರೋದಾ?” ಎಂದಳು. ಹೌದು, ಆ ಹಾಳೆಯನ್ನು ಮತ್ತೆ ಬರೆದಿದ್ದೆ. ಹರಿದು ಹಾಕಿದೆ ಎಂದು ನಿಮಗೆ ಹೇಳಿದ್ದು ಅರ್ಧ ನಿಜ.

“ಮೊದಲ ಸಾಲಿಂದ ನನ್ನ ಹಿಂದೇನೇ ಬರ್ತಿದ್ದೀರಿ,” ಅಂದಳು. “ಒಂದು ಸಲಾನೂ ಕೂಗಲಿಲ್ಲ. ನಿಮಗೆ ನನ್ನಿಂದ ಏನಾಗಬೇಕು?”

ಏನಾಗಬೇಕಿತ್ತು ಎಂದು ನನಗೆ ಆಗ ತಿಳಿಯಿತು. ಅವಳಿಗೆ ಏನಾದರೂ ಆಗಬೇಕಿತ್ತು. ಆಗಿಬಿಟ್ಟರೆ ಮಗಳ ಮುಂದೆ ಆ ಹಾಳೆ ಇಟ್ಟು, ನೋಡು, ಇದಕ್ಕೇ ಬೇಡ ಅಂದಿದ್ದು, ಎನ್ನಬಹುದಿತ್ತು. ನಾಲ್ಕು ದಿನದಿಂದ ನಾನು ಬರೆಯುತ್ತಿದ್ದದ್ದು ಕಥೆಯಲ್ಲ, ಸಾಕ್ಷಿ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

(ಸಂಖ್ಯೆ ಬೇಡ)

ಗುರುವಾರ ಸಂಜೆ ಕ್ಲಿನಿಕ್ಕಿನಿಂದ ಬಂದಾಗ ಮಗಳು ಮೇಜಿನ ಮುಂದೆ ಕೂತಿದ್ದಳು. ಹಾಳೆಗಳು ಅವಳ ಕೈಯಲ್ಲಿದ್ದವು.

“ಓದಿದೆ,” ಅಂದಳು. “ಒಂದು ಕೇಳ್ತೀನಿ, ಕೋಪ ಮಾಡ್ಕೋಬಾರದು. ನೀನು ಓಡ್ತಿದ್ದೆಯಲ್ಲ, ನಾನು ಚಿಕ್ಕೋಳಿದ್ದಾಗ. ಯಾಕೆ ಬಿಟ್ಟೆ?”

“ಮಂಡಿ ನೋವು. ಹೇಳಿದ್ದೀನಲ್ಲ.”

“ಮಂಡಿ ನೋವಿರೋರು ದಿನಾ ಮೂರು ಮಹಡಿ ಹತ್ತಿ ಕೆಲಸಕ್ಕೆ ಹೋಗ್ತಾರಾ?”

ಸುಳ್ಳನ್ನು ಹನ್ನೊಂದು ವರ್ಷ ಸಾಕಿದರೆ ಅದು ಮನೆಯವರಂತೆಯೇ ಆಗಿಬಿಡುತ್ತದೆ. ಹೊರಗೆ ಹಾಕಲು ಮನಸ್ಸು ಬರುವುದಿಲ್ಲ. ಆದರೂ ಹೇಳಿದೆ. ನಾಲ್ಕು ವರ್ಷ ಓಡಿದೆ. ಯಾರೂ ಹಿಂದೆ ಬರಲಿಲ್ಲ. ಯಾರೂ ಮುಟ್ಟಲಿಲ್ಲ, ಕೆಟ್ಟ ಮಾತು ಆಡಲಿಲ್ಲ. ಒಂದು ದಿನ ಪೇಪರಿನಲ್ಲಿ ಎಲ್ಲೋ ದೂರದ ಊರಿನಲ್ಲಿ ಓಡಲು ಹೋದ ಒಬ್ಬಳ ಸುದ್ದಿ ಬಂತು. ನಮ್ಮಣ್ಣ ಫೋನ್ ಮಾಡಿ, ಸ್ವಲ್ಪ ದಿನ ಬೇಡಮ್ಮ, ಅಂದ. ಪ್ರೀತಿಯಿಂದಲೇ ಅಂದ. ಸರಿ, ಸ್ವಲ್ಪ ದಿನ, ಎಂದುಕೊಂಡೆ.

“ಆಮೇಲೆ?”

“ಆಮೇಲೆ ಏನಿಲ್ಲ. ಅಷ್ಟೇ.”

“ಏನೂ ಆಗಲಿಲ್ಲವಾ ನಿನಗೆ?”

“ಏನೂ ಆಗಲಿಲ್ಲ.”

ಏನಾದರೂ ಆಗಿದ್ದರೆ ಅವಳಿಗೆ ಸಿಟ್ಟು ಮಾಡಿಕೊಳ್ಳಲು ಒಬ್ಬರಾದರೂ ಸಿಗುತ್ತಿದ್ದರು. (ನನಗೂ.) ಅವಳು ಎದ್ದು ಬಂದು ನನ್ನ ಕೈಯ ಊಟದ ಡಬ್ಬಿ ತೆಗೆದುಕೊಂಡು ತೊಳೆಯಲು ಹೋದಳು. ನಲ್ಲಿ ಬಿಟ್ಟ ಮೇಲೆ ಹೇಳಿದಳು, “ಕನ್ನಡಕದವಳನ್ನ ಹಾಗೇ ಬಿಡಬೇಡ ಅಮ್ಮ. ಪಾಪ, ದಂಡೆಗೂ ಹೋಗದೆ ಮನೆ ಹೊಸಿಲ ಮೇಲೇ ನಿಂತಿದ್ದಾಳೆ.”

ಬಿಡಬಾರದು ಎಂದು ನನಗೂ ಅನಿಸಿತು. ರಾತ್ರಿ ಊಟವಾದ ಮೇಲೆ ಇನ್ನೊಂದು ಹಾಳೆ ತೆಗೆದೆ. ಕನ್ನಡಕದವಳು ಶೂ ಕಟ್ಟಿಕೊಳ್ಳುತ್ತಿದ್ದಳು. ಸ್ಪ್ರೇ ತಗೊಂಡೆಯಾ ಎಂದು ಕೇಳಬೇಕೆನಿಸಿತು. ಕೇಳದಿರುವುದು ಕಷ್ಟವಾಯಿತು.

“ತಗೊಂಡಿದ್ದೀನಿ,” ಅವಳೇ ಹೇಳಿದಳು. “ಈ ಸಲ ಮೊದಲು ನೋಡ್ತೀನಿ, ಆಮೇಲೆ ಒತ್ತೋದು. ಅದಕ್ಕೆ ಎರಡು ಸೆಕೆಂಡ್ ಜಾಸ್ತಿ ಹಿಡಿಯುತ್ತೆ. ಆ ಎರಡು ಸೆಕೆಂಡ್‌ನಲ್ಲಿ ಏನಾದ್ರೂ ಆಗಬಹುದು. ಗೊತ್ತು.”

“ಗೊತ್ತಿದ್ದೂ ಹೋಗ್ತೀಯಾ?”

ಅವಳು ಲೇಸು ಬಿಗಿದು ಹೊರಟಳು. ನಾನು ಹಿಂದೆ ಹೋಗಲಿಲ್ಲ. ಅವಳ ಕಥೆ ಎಲ್ಲಿಗೆ ಹೋಯಿತು ಎಂದು ಆದ್ದರಿಂದಲೇ ನನಗೆ ಗೊತ್ತಿಲ್ಲ.

ಶುಕ್ರವಾರ

ಐದೂ ಇಪ್ಪತ್ತಕ್ಕೆ ಮಗಳು ಅಡುಗೆಮನೆಗೆ ಬಂದಳು. ಕೂದಲು ಎತ್ತಿ ಕಟ್ಟಿದ್ದಳು.

“ಮುಗೀತಾ ಅಮ್ಮ?”

“ಇಲ್ಲ. ಇದು ಮುಗಿಯೋ ಥರ ಕಾಣಲ್ಲ.”

ಅವಳು ಕಾದಳು. ಕೇಳಿದ್ದಕ್ಕೆ ಉತ್ತರ ಇದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅಣ್ಣನ ಮಾತು ನನ್ನ ಗಂಟಲವರೆಗೆ ಬಂತು. ಸ್ವಲ್ಪ ದಿನ ಬೇಡ. ಎಷ್ಟು ಸುಲಭದ ಮಾತು, ಎಷ್ಟು ಅಕ್ಕರೆಯ ಮಾತು. ನುಂಗಿಕೊಂಡೆ.

“ಹೋಗಿ ಬಾ,” ಅಂದೆ.

“ಆರೂವರೆಗೆ ಬರ್ತೀನಿ,” ಅಂದಳು.

ಈಗ ಆರೂ ಹತ್ತು. ಇಲ್ಲಿಂದ ಮುಂದಕ್ಕೆ ಬರೆಯಬಹುದಾದ ವಾಕ್ಯಗಳು ಎರಡೇ. ಒಂದನ್ನು ಬರೆಯಲು ಕೈ ಬರುವುದಿಲ್ಲ, ಅದನ್ನು ಈಗಾಗಲೇ ಎರಡು ಸಲ ಬರೆದು ಪಾಪ ಕಟ್ಟಿಕೊಂಡಿದ್ದೇನೆ. ಇನ್ನೊಂದನ್ನು ಬರೆದರೆ ನೀವು, ಸದ್ಯ, ಎಂದು ಉಸಿರು ಬಿಟ್ಟು ಪುಟ ತಿರುಗಿಸುತ್ತೀರಿ; ನಾಳೆ ಐದೂವರೆಗೆ ಅವಳು ಮತ್ತೆ ಹೊರಡುತ್ತಾಳೆ ಎನ್ನುವುದು ನಿಮಗೆ ಮರೆತುಹೋಗುತ್ತದೆ. ನಾಳೆ, ನಾಡಿದ್ದು, ಅದರಾಚೆ, ಒಂಬತ್ತು ವಾರ. ಎರಡನ್ನೂ ಬರೆಯುವುದಿಲ್ಲ.

ನನಗೆ ಭಯವಾಗುತ್ತಿದೆ. ಅದನ್ನು ಅವಳ ಬೆಲ್ಟಿಗೆ ಸಿಕ್ಕಿಸಿ ಕಳಿಸಲಿಲ್ಲ, ಇಲ್ಲೇ ಇಟ್ಟುಕೊಂಡಿದ್ದೇನೆ. ಕಿಟಕಿಯ ಹತ್ತಿರ ಹೋಗದೆ, ಫೋನು ಮುಟ್ಟದೆ, ಆರೂವರೆಯವರೆಗೆ ಸುಮ್ಮನೆ ಕೂರುವುದನ್ನು ನಾನಿನ್ನೂ ಕಲಿಯಬೇಕು.