ಗುಡಾಣದ ಹೊಟ್ಟೆ

ಯಾವ ಸರಕು ಯಾವ ಲಾರಿಯಲ್ಲಿ, ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಆ ಲಾರಿ ಆಫೀಸಿನಲ್ಲಿ ಹದಿನೆಂಟು ವರ್ಷ, ಎಲ್ಲರೂ ಅಕ್ಕ ಎಂದೇ ಕರೆಯುವ ಗುಮಾಸ್ತೆಯೇ ತೀರ್ಮಾನಿಸಿದ್ದಳು. ಈಗ ಯಜಮಾನರ ಅಳಿಯ ಕಂಪ್ಯೂಟರ್ ತಂದು ಕೂರಿಸಿದ್ದ. ಅದು ಜಾಗ, ದೂರ ಎಲ್ಲ ಅಳೆದು, ಗಿಟ್ಟುವ ಸರಕಿಗೆ ಹಸಿರು ಗೆರೆ, ಗಿಟ್ಟದ್ದಕ್ಕೆ ಕೆಂಪು ಗೆರೆ ಎಳೆಯುತ್ತಿತ್ತು. ಮೂರು ಸಲ ಕೆಂಪು ಬಿದ್ದ ಗಿರಾಕಿಯ ಹೆಸರೇ ಪಟ್ಟಿಯಿಂದ ಹಾರಿಹೋಗುತ್ತಿತ್ತು.

ಆ ಬೆಳಿಗ್ಗೆ ಕುಂಬಾರಗಿತ್ತಿಯ ನಲವತ್ತು ಗುಡಾಣಗಳಿಗೆ ಮೂರನೆಯ ಕೆಂಪು ಬಿತ್ತು.

ಬಾಗಿಲಲ್ಲಿ ನಿಂತಿದ್ದ ಅವಳ ಮೊಣಕೈವರೆಗೂ ಒಣಗಿದ ಮಣ್ಣು. "ಆ ಕಡೆ ಬೇರೆ ಯಾರೂ ಲಾರಿ ಬಿಡಲ್ಲ ಅಕ್ಕಾ. ಇದೂ ತಪ್ಪಿದ್ರೆ ನಾನು ತಿಗರಿ ನಿಲ್ಲಿಸ್ಬೇಕಾಗುತ್ತೆ."

"ಅಳಿಯಂದ್ರೇ, ಯಾಕೆ ಕೆಂಪು?" ಎಂದಳು ಅಕ್ಕ.

"ಜಾಗ ಸಾಲಲ್ಲ. ಗುಡಾಣಕ್ಕೆ ಮುಕ್ಕಾಲು ಲಾರಿ ಬೇಕು, ಅದೇ ಲಾರಿಲಿ ಹೋಗೋ ನೂಲಿನ ಉಂಡೆಗಳಿಗೆ ಅರ್ಧ. ಮಿಷನ್‌ಗೆ ನಿಮ್ಮ ಥರ ಕರುಳು ಚುರುಕ್ ಅನ್ನಲ್ಲ."

"ಕರುಳು ಬೇಡ ಬಿಡಿ. ಹೊಟ್ಟೆ ಅಂದ್ರೇನು ಅಂತ ಗೊತ್ತಿದ್ರೆ ಸಾಕು."

ಅಂಗಳಕ್ಕೆ ಹೋದವಳೇ ಒಂದು ಗುಡಾಣದ ಬಾಯಿಗೆ ನೂಲಿನ ಉಂಡೆಗಳನ್ನು ಹಾಕತೊಡಗಿದಳು. ಹನ್ನೊಂದು ಹಿಡಿದವು. ಅಳಿಯ ಗುಡಾಣದ ಅಗಲ, ಎತ್ತರ ಎಲ್ಲ ಕಂಪ್ಯೂಟರಿಗೆ ತುಂಬಿಸಿದ್ದ. ಒಳಗೆ ಬರೀ ಗಾಳಿ ಎಂದು ಮಾತ್ರ ಅದಕ್ಕೆ ಹೇಳಿರಲಿಲ್ಲ.

ಅಳಿಯನ ಮುಖ ಸಣ್ಣದಾಯಿತು. ಆದರೂ ಲಾರಿಯ ಕೀ ಮುಷ್ಟಿಯಲ್ಲೇ ಇತ್ತು. "ಕೀ ಕೊಡಲ್ಲ. ಹಠ ಮಾಡಿ ಒಯ್ದು ಒಂದು ಒಡೆದ್ರೂ ನಾಳೆಯಿಂದ ನೀವು ಬರೋದು ಬೇಡ."

"ಹಾಗಾದ್ರೆ ಇವತ್ತು ಯಾವ ಲಾರಿಗೂ ನಾನು ಚೀಟಿ ಬರೆಯಲ್ಲ. ಡ್ರೈವರ್‌ಗಳಿಗೆ ನಿಮ್ಮ ಮಿಷನ್ನೇ ದಾರಿ ಹೇಳ್ಲಿ, ಅವರ ಬೈಗುಳಾನೂ ಅದೇ ತಿನ್ಲಿ."

ಲಾರಿ ಪಕ್ಕ ನಿಂತಿದ್ದ ಡ್ರೈವರ್ ಕೆಮ್ಮುವ ನೆಪದಲ್ಲಿ ನಕ್ಕ. ಅಕ್ಕ ಚಾಚಿದ ಕೈ ಇಳಿಸಲಿಲ್ಲ. ಕೊನೆಗೆ ಕೀ ಬಂದು ಅಂಗೈಯಲ್ಲಿ ಬಿತ್ತು.

ನಲವತ್ತೂ ಗುಡಾಣ ತುಂಬಿಸಿ, ಸಂದುಗಳಿಗೆಲ್ಲ ಒಣಹುಲ್ಲು ತುರುಕಿ, ತಾನೇ ಡ್ರೈವರ್ ಪಕ್ಕ ಹತ್ತಿ ಕುಳಿತಳು. ದಾರಿಯಲ್ಲಿ ಸಿಗುವ ಮಗ್ಗದವರ ಹತ್ತಿರ ನೂಲು ಇಳಿಯಿತು. ಮುಂದೆ ಸೇತುವೆಯ ಮೇಲಿನ ಗುಂಡಿಯಲ್ಲಿ ಲಾರಿ ಎತ್ತಿಹಾಕಿತು. ಗುಡಾಣ ಕೊಂಡವರ ಅಂಗಳದಲ್ಲಿ ಇಳಿಸಿ ನೋಡಿದರೆ, ಒಂದು ಗುಡಾಣದ ಕಂಠ ಸೀಳಿತ್ತು.

ಡ್ರೈವರ್ ಪಿಸುಗುಟ್ಟಿದ: "ಮೊದ್ಲೇ ಸೀಳಿತ್ತು ಅಂದ್ಬಿಡೋಣ."

ಅಕ್ಕ ಅಲ್ಲಿಂದಲೇ ಫೋನ್ ಮಾಡಿದಳು. "ಮೂವತ್ತೊಂಬತ್ತು ಗಟ್ಟಿಯಾಗಿವೆ, ಒಂದು ಸೀಳಿದೆ. ನಾನು ನಾಳೆ ಬರ್ತೀನಿ."

"ನಾನು ಹೇಳಿದ್ನಲ್ಲ..."

"ಕೇಳಿಸ್ಕೊಂಡಿದ್ದೀನಿ. ಆದ್ರೂ ಬರ್ತೀನಿ. ಆ ಕುಂಬಾರಗಿತ್ತಿ ಹೆಸರು ಈಗಲೇ ಮತ್ತೆ ಪಟ್ಟಿಗೆ ಸೇರಿಸಿ. ಸೇರಿಸೋ ತನಕ ಫೋನ್ ಇಡಲ್ಲ."

ಆ ಕಡೆಯಿಂದ ಉದ್ದನೆಯ ಉಸಿರು ಬಂತು. ಆಮೇಲೆ ಕೀಲಿಮಣೆಯ ಟಕಟಕ.

"ಕಾಗುಣಿತ ನೋಡ್ಕೊಳ್ಳಿ" ಎಂದಳು ಅಕ್ಕ.