ಸಂದುಬಳ್ಳಿ

"ಮೆಲ್ಲಗೆ ಎತ್ತೇ ತೋಳು, ಮುರಿದೀತು," ಎಂದಳು ತಂಗಿ. ಅಕ್ಕನ ಉಸಿರು ನಿಂತಾಗಿದೆ ಎಂಬುದು ಹೇಳಿದ ಮೇಲೆ ನೆನಪಾಯಿತು.

ಮಂಚದ ಆಚೆ ಬದಿಯಲ್ಲಿದ್ದ ಅಕ್ಕನ ಸೊಸೆ ಅತ್ತೆಯ ಕೈಯನ್ನು ನಿಲುವಂಗಿಯ ತೋಳಿಗೆ ತೂರಿಸಿದಳು. ಇಸ್ತ್ರಿ ಅಂಗಡಿಯಲ್ಲಿ ಅಕ್ಕನ ಜೊತೆಗಿದ್ದ ಗೆಳತಿ ಗುಂಡಿ ಹಾಕಿದಳು. ಬಿಳಿ ನಿಲುವಂಗಿ ಪಾದ ದಾಟಿ ಹೋಯಿತು. ಅಕ್ಕನ ಅಳತೆಗೇ ಹೊಲಿಸಿದ್ದು. ಆಮೇಲೆ ಬೆನ್ನು ಬಾಗಿ ಅವಳೇ ಗಿಡ್ಡವಾಗಿದ್ದಳು.

"ಮುಟ್ಟು ನಿಂತ ವರ್ಷ ಹೊಲಿಸಿದ್ದು ಇದು," ಎಂದಳು ಗೆಳತಿ. "ಊರವರ ಬಿಳೀ ಬಟ್ಟೆ ಉಜ್ಜಿದ್ದೇ ಬಂತು, ಇನ್ನು ನಾನೂ ಹೆದರದೆ ಹಾಕ್ಕೋತೀನಿ ಕಣೇ ಅಂದಿದ್ಲು. ಎಷ್ಟು ಸಲ ಹಾಕ್ಕೊಂಡ್ಲೋ."

"ಒಂದು ಸಲಾನೂ ಇಲ್ಲ. ಕೊಳೆಯಾಗುತ್ತೆ ಅಂತ," ಎಂದಳು ಸೊಸೆ.

ಮಗ ಬಾಗಿಲಲ್ಲಿ ಬಂದು ನಿಂತ. "ಗಾಡಿ ಬಂದಿದೆ." ನಂತರ ಗೋಡೆ ನೋಡುತ್ತ ಹೇಳಿದ: "ಮೂಳೆಗೆ ಕೊಟ್ಟ ಆಸ್ಪತ್ರೆ ಮಾತ್ರೆ ಬಿಡಿಸಿ ಬಳ್ಳಿ ತಿನ್ನಿಸಿದ್ರಲ್ಲ ಚಿಕ್ಕಮ್ಮ, ಸಮಾಧಾನ ಆಯ್ತಾ?"

ಅಂಗಡಿಯಲ್ಲಿ ಮೇಲಿನ ಕೊಕ್ಕೆಗೆ ಅಂಗಿ ತೂಗುಹಾಕಲು ಹೋಗಿ ಅಕ್ಕ ಬಿದ್ದಿದ್ದಳು. ಸೊಂಟದ ಮೂಳೆ ಮುರಿಯಿತು. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ ಜೀವ ಹೋಯಿತು. ಬಿದ್ದ ದಿನದಿಂದ ತಂಗಿ ತನ್ನನ್ನು ಕೇಳಿಕೊಳ್ಳುತ್ತಿದ್ದುದೂ ಅದನ್ನೇ: ಮಾತ್ರೆ ಬಿಡಿಸಿದ್ದಕ್ಕೇ ಮೂಳೆ ಮುರಿಯಿತೇ?

*

"ನೋಡು, ಥೇಟ್ ಮೂಳೆ ಸಂದಿನ ಹಾಗೇ ಇಲ್ವಾ?" ಮೊದಲ ಸಲ ಸಂದುಬಳ್ಳಿ ತಂದ ದಿನ ತಂಗಿ ಗಂಟು ಗಂಟಾದ ಹಸಿರು ಕಡ್ಡಿಗಳನ್ನು ಇಸ್ತ್ರಿ ಮೇಜಿನ ಮೇಲೆ ಸುರಿದಿದ್ದಳು.

"ಹಂಗಾದ್ರೆ ಗೋಡಂಬಿ ತಿಂದ್ರೆ ಕಿಡ್ನಿ ಬೆಳೆಯುತ್ತೇನೇ?" ಎಂದಳು ಅಕ್ಕ.

"ನಗು ನೀನು. ಹಸೀದು ತಿನ್ನಬೇಡ, ನಾಲಿಗೆ ತುರಿಸುತ್ತೆ. ಎಣ್ಣೇಲಿ ಹುರಿದು ಅರೆದ್ಕೊಂಡು ತಿನ್ನು. ಆ ಮಾತ್ರೆ ಬಿಟ್ಟುಬಿಡು, ಹೊಟ್ಟೆ ಉರಿ ಅಂತೀಯಲ್ಲ."

"ಆಯ್ತು ಮಾರಾಯ್ತಿ."

ಅಂದಿನಿಂದ ಪ್ರತಿ ವಾರ ತಂಗಿ ಎರಡು ಬಸ್ಸು ಬದಲಿಸಿ ಬಳ್ಳಿ ತಂದಳು. ಸೊಂಟ ಹಗುರಾಗಿದೆ ಕಣೇ, ಎನ್ನುತ್ತಿದ್ದಳು ಅಕ್ಕ.

*

ಗಂಡ ಕೆಳಗಿಳಿದು ಹೋದ ಮೇಲೆ ಸೊಸೆ ತಂಗಿಯ ಮೊಣಕೈ ಹಿಡಿದಳು. "ಚಿಕ್ಕತ್ತೆ, ಅತ್ತೆ ಮಾತ್ರೆ ಬಿಟ್ಟಿರಲಿಲ್ಲ. ನಾನೇ ತಂದುಕೊಡ್ತಿದ್ದೆ. ನಿಮಗೆ ಹೇಳಬೇಡ, ಪಾಪ ಅಷ್ಟು ದೂರದಿಂದ ಹೊತ್ತು ತರ್ತಾಳೆ ಅಂದಿದ್ರು."

"ಅವನಿಗಾದ್ರೂ ಹೇಳಬಾರದಿತ್ತೇನೇ?"

"ಹೇಳಿದೆ. ಅವರಿಗೆ ಯಾರ ಮೇಲಾದ್ರೂ ಸಿಟ್ಟು ಬೇಕು."

ತಂಗಿ ಮಂಚದ ಅಂಚಿನಲ್ಲಿ ಕುಳಿತಳು. ಎದೆಯ ಭಾರ ಇಳಿದಿರಬೇಕಿತ್ತು. "ಮತ್ತೆ ನಾನು ತಂದಿದ್ದು?"

ಸೊಸೆ ಹಿಂದಿನ ಬಾಲ್ಕನಿಯ ಬಾಗಿಲು ತೆರೆದಳು. ಗಂಜಿಪುಡಿಯ ಡಬ್ಬಗಳು, ಒಡೆದ ಬಕೆಟ್ಟು, ಹಿಡಿ ಕಿತ್ತ ಬಾಣಲೆ, ಎಲ್ಲದರಲ್ಲೂ ಸಂದುಬಳ್ಳಿ. ಕಿಟಕಿಯ ಸರಳು ಹತ್ತಿ, ಬಟ್ಟೆ ಒಣಹಾಕುವ ತಂತಿಯನ್ನೂ ಹಿಡಿದು, ಬೆಳಕನ್ನೇ ಮರೆಮಾಡಿತ್ತು.

"ಬಿಸಾಡೋಕೆ ಮನಸ್ಸು ಬರಲಿಲ್ವಂತೆ. ಚುಚ್ಚಿದ್ದೆಲ್ಲ ಚಿಗುರಿತು."

ಕೆಳಗೆ ಹಾರ್ನ್ ಕೇಳಿಸಿತು. ತಂಗಿ ಒಂದು ಗೆಣ್ಣು ಮುರಿದು ಹಸಿಯಾಗಿಯೇ ಬಾಯಿಗೆ ಹಾಕಿಕೊಂಡಳು.

ನಾಲ್ವರು ಅಕ್ಕನನ್ನು ಮೆಟ್ಟಿಲಿಳಿಸುವಾಗ ನಿಲುವಂಗಿಯ ಅಂಚು ಜಾರಿ ನೆಲಕ್ಕೆ ತಾಗತೊಡಗಿತು. ತಂಗಿ ಬಗ್ಗಿ ಅದನ್ನು ಎತ್ತಿಕೊಂಡಳು. ತುರಿಕೆ ನಾಲಿಗೆಯಿಂದ ಗಂಟಲಿಗೆ ಇಳಿದಿತ್ತು. ಉಗುಳದೆ, ಬಾಯಿ ಬಿಗಿಹಿಡಿದು, ಬಿಳಿ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೇ ಅವಳು ಗಾಡಿಯವರೆಗೂ ನಡೆದಳು.