ಮದುವೆ ಮನೆಯ ಸೋಲೋ

ಮೇಘನಾ ಗಿಟಾರಿನ ಮೂರನೇ ತಂತಿಯನ್ನು ಎಳೆದು, ಸ್ವರವನ್ನು ಮೇಲಕ್ಕೆ ಬಾಗಿಸಿ, ಅಲ್ಲೇ ನಡುಗಿಸುತ್ತ ನಿಂತಿದ್ದಳು. ಇಳಿಸುವ ಮೊದಲೇ ನಾಗೇಂದ್ರ ಕೈ ಎತ್ತಿ ಹಾಡು ನಿಲ್ಲಿಸಿಬಿಟ್ಟ. ಬನ್ನೂರಿನ ಛತ್ರದಲ್ಲಿ ಮುಹೂರ್ತ ಮುಗಿದು ಮೊದಲ ಪಂಕ್ತಿ ಊಟಕ್ಕೆ ಎದ್ದಿತ್ತು. ಕುರ್ಚಿ ಎಳೆಯುವ ಸದ್ದಿನಲ್ಲಿ ಹಾಡು ನಿಂತದ್ದನ್ನು ಯಾರೂ ಗಮನಿಸಲಿಲ್ಲ.

"ಏನಮ್ಮಿ, ರೆಕಾರ್ಡ್‌ನಲ್ಲಿ ಇಂಗದಾ ಇದು?" ಎಂದ. ನಂಜನಗೂಡಿನ ಈ ಆರ್ಕೆಸ್ಟ್ರಾಕ್ಕೆ ಅವನೇ ಯಜಮಾನ, ಅವನೇ ಗಾಯಕ.

"ಇಲ್ಲ ಸಾ. ಕೈ ಆ ಕಡೆ ಓಯ್ತು."

"ನಿನ್ ಕೈಗೆ ಮೂಗುದಾರ ಆಕ್ಬೇಕು ಕಣಮ್ಮಿ. ಇನ್ನೊಂದ್ಸಲ ದಾರಿ ಬುಟ್ರೆ, ನಾಳೆಯಿಂದ ಗಿಟಾರೂ ಹೇಮಂತನ ಕೀಬೋರ್ಡಲ್ಲೇ ಬತ್ತದೆ. ನೀ ಬಸ್ ಅತ್ಕೊ."

ಬರೀ ಬೆದರಿಕೆಯಲ್ಲ ಅದು. ಹೇಮಂತನ ಕೀಬೋರ್ಡಿನಲ್ಲಿ ಗಿಟಾರಿನದೇ ಒಂದು ಗುಂಡಿ ಇತ್ತು. ಒತ್ತಿದರೆ ದಿನವೂ ಒಂದೇ ತರಹ ನುಡಿಯುತ್ತಿತ್ತು, ಎದುರುತ್ತರ ಕೊಡುತ್ತಿರಲಿಲ್ಲ. ಹೆಣ್ಣುಮಗಳೊಬ್ಬಳು ರಾಕ್ ಗಿಟಾರ್ ಹಿಡಿದು ನಿಲ್ಲಲು ಈ ಕಡೆ ಬೇರೆ ವೇದಿಕೆ ಎಲ್ಲಿದೆ? ಆದರೆ ಮೇಘನಾ ಏನು ಮಾಡುತ್ತಾಳೆ, ನಿನ್ನೆ ನುಡಿಸಿದ್ದು ಇವತ್ತು ಅವಳ ಬೆರಳಿಗೆ ಹಳಸಿದ ಅನ್ನ. ತಂತಿ ಮೀಟುವ ಪ್ಲೆಕ್ಟ್ರಂ ಬಿಲ್ಲೆಯನ್ನು ಹಲ್ಲಿನಲ್ಲಿ ಕಚ್ಚಿ ಬರಿಬೆರಳಲ್ಲಿ ಮೀಟುವಳು, ಕಿರುಬೆರಳಲ್ಲಿ ವಾಲ್ಯೂಮ್ ತಿರುಗಿಸಿ ಸ್ವರವನ್ನು ಮೆಲ್ಲಗೆ ಎಬ್ಬಿಸುವಳು. ಮುಂದೆ ಎಲ್ಲಿಗೆ ಹೋಗುತ್ತೇನೆಂದು ಅವಳಿಗೇ ಗೊತ್ತಿರುತ್ತಿರಲಿಲ್ಲ.

ಪಟ್ಟಿಯಲ್ಲಿದ್ದದ್ದನ್ನು ಬಿಡುವಂತಿರಲಿಲ್ಲ, ನಾಗೇಂದ್ರ ಮೈಕಿನ ಮುಂದೆ ಹಲ್ಲು ಕಿರಿದ. "ಈಗ ಮೇಘನಾ ಅವರಿಂದ ಒಂದು ಸಣ್ಣ ಸೋಲೋ!"

ಮುಂದಿನ ಸಾಲಿನಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಮದುಮಗಳ ಅಜ್ಜಿ ವಿಶಾಲಮ್ಮ ದಡಕ್ಕನೆ ಎದ್ದಳು. "ಬುಡ್ತು ಅನ್ಲಾ! ಮದ್ವೆ ಮನೇಲಿ ಸೋಲು ಅಂತೀಯಲ್ಲ, ನಿನ್ ಬಾಯ್ಗೆ ಮಣ್ಣಾಕ!"

"ಸೋಲಲ್ಲ ಕಣಜ್ಜಿ, ಸೋಲೋ. ಒಬ್ಳೇ ನುಡ್ಸದು."

"ಒಬ್ಳೇ ಯಾಕ್ಲಾ? ಸೊಲ್ಲೆತ್ತಕ್ಕೆ ನಾವಿಲ್ವಾ?"

ಸೋಬಾನೆಯಲ್ಲಿ ಒಬ್ಬಳು ಹೇಳಿದ ಸೊಲ್ಲನ್ನು ಉಳಿದವರು ಹಾಗೇ ಎತ್ತಿಕೊಳ್ಳುವುದು ಅವರ ಕಡೆಯ ರೂಢಿ. ಯಾರ ಅಪ್ಪಣೆಗೂ ಕಾಯದೆ ಅಜ್ಜಿ ಶುರುಮಾಡಿಯೇಬಿಟ್ಟಳು. ಪಕ್ಕದ ಹೆಂಗಸರು ಎತ್ತಿಕೊಂಡರು. ಹೇಮಂತ ಕೀಬೋರ್ಡಿನಲ್ಲಿ ಶ್ರುತಿಗಾಗಿ ತಡಕಾಡಿದ. ಒಂದು ಕೀಯ ಸ್ವರ ತಗ್ಗಾಯಿತು, ಪಕ್ಕದ್ದು ಎತ್ತರವಾಯಿತು. ಅಜ್ಜಿಯ ದನಿ ಎರಡರ ನಡುವೆ ಎಲ್ಲೋ ಇತ್ತು. ಮೇಘನಾ ತಂತಿಯನ್ನು ಕೂದಲೆಳೆಯಷ್ಟು ಎಳೆದಳು. ಸಿಕ್ಕಿತು.

"ನೀನೂ ಎತ್ತವ್ವ," ಎಂದಳು ಅಜ್ಜಿ.

ಮೊದಲ ಸಲ ಇದ್ದದ್ದನ್ನು ಇದ್ದ ಹಾಗೇ ನುಡಿಸಿದಳು. ಎರಡನೇ ಸಲ ಸೊಲ್ಲಿನ ತುದಿಯಿಂದ ಬೆರಳು ಜಾರಿತು. ಜಾರಿದ್ದೇ ಮೇಲಿನ ತಂತಿ ಹಿಡಿದು ಬಾಗಿತು, ನಡುಗಿತು, ಒಂದು ಗಳಿಗೆ ಸುಮ್ಮನೆ ನಿಂತು, ಮತ್ತೆಲ್ಲಿಗೋ ಹೊರಟಿತು.

"ಅಯ್, ನಾ ಏಳಿದ್ದೇ ಒಂದು, ಇವ್ಳು ಓಗಿದ್ದೇ ಒಂದು!" ಅಜ್ಜಿ ಗಹಗಹಿಸಿ ನಕ್ಕು, ಮೇಘನಾ ಬಿಟ್ಟಲ್ಲಿಂದಲೇ ತನ್ನ ಮುಂದಿನ ಸೊಲ್ಲು ಹಿಡಿದಳು.

ನಾಗೇಂದ್ರ ಕೈ ಎತ್ತಿದ. ಮೇಘನಾ ನೋಡಿದಳು, ನೋಡಿಯೂ ನಿಲ್ಲಿಸಲಿಲ್ಲ. ಅವನು ದಾಪುಗಾಲು ಹಾಕಿ ಬಂದು ಅವಳ ಗಿಟಾರಿನ ವೈರನ್ನು ಆಂಪ್ಲಿಫೈಯರಿನಿಂದ ಕಿತ್ತ.

ಸ್ಪೀಕರ್ ಟಪ್ಪೆಂದು ಸತ್ತಿತು. ಉಳಿದದ್ದು ಬರೀ ತಂತಿಯ ಸದ್ದು, ಸೊಳ್ಳೆಯ ದನಿಯಷ್ಟು. ಮುಗಿಯಿತು ನನ್ನ ಕಥೆ ಎಂದುಕೊಂಡಳು. ಆದರೂ ಬಾಗಿಸಿದ ಸ್ವರವನ್ನು ಅರ್ಧಕ್ಕೆ ಬಿಡಲು ಮನಸ್ಸಾಗದೆ ನುಡಿಸುತ್ತಲೇ ಹೋದಳು.

ವಿಶಾಲಮ್ಮ ಕೈ ಬೀಸಿ ಹೆಂಗಸರನ್ನು ಸುಮ್ಮನಾಗಿಸಿದಳು. ಕಿವಿಯ ಮೇಲಿನ ಸೆರಗು ಸರಿಸಿಕೊಂಡು ವೇದಿಕೆಯ ಅಂಚಿಗೆ ಬಂದು ನಿಂತಳು.

"ಲೇ, ಯಾರ್ಲಾ ಅಲ್ಲಿ! ಆ ಫ್ಯಾನ್ ಆರಿಸ್ರೋ!"

ಯಾರೋ ಹೋಗಿ ಸ್ವಿಚ್ ಒತ್ತಿದರು. ಛತ್ರದ ಫ್ಯಾನುಗಳು ಒಂದೊಂದಾಗಿ ನಿಧಾನವಾಗತೊಡಗಿದವು.